ಇಂಜಿನ್ ಕೈಕೊಟ್ಟ ಮೇಲೆ ಹೊಸ ರೇಡಿಯೇಟರ್: ಡೀಸೆಲ್ ಫೋರ್ ಬೈ ಫೋರ್ ಗಾಡಿಗೆ ಸರಿಯಾದದ್ದನ್ನು ಆರಿಸುವುದು ಹೇಗೆ?

ಡೀಸೆಲ್ ಫೋರ್ ಬೈ ಫೋರ್ ಗಾಡಿಯ ಇಂಜಿನ್ ಕಾದು ಕೈಕೊಟ್ಟರೆ ಎಲ್ಲರ ಗಮನವೂ ಇಂಜಿನ್ ಮೇಲೆಯೇ. ಹೆಡ್ ಬಿಚ್ಚು, ಲೇತಿಗೆ ಕಳಿಸು, ಪಿಸ್ಟನ್ ತರಿಸು, ಬೇರಿಂಗ್ ಹುಡುಕು. ದುಡ್ಡೆಲ್ಲ ಅಲ್ಲೇ ಕರಗುತ್ತದೆ. ರೇಡಿಯೇಟರ್ ಸರದಿ ಬರುವ ಹೊತ್ತಿಗೆ "ಹಳೇದನ್ನೇ ತೊಳೆದು ಹಾಕಿ" ಅನ್ನುವ ಮಾತು ತಾನಾಗಿ ಬಾಯಿಗೆ ಬರುತ್ತದೆ. ಕೆಲವರದು ಇದಕ್ಕೆ ತದ್ವಿರುದ್ಧ: "ಇರೋದ್ರಲ್ಲೇ ದಪ್ಪದ್ದು ಹಾಕಿಬಿಡಿ, ಇನ್ಯಾವತ್ತೂ ತಲೆನೋವು ಬೇಡ." ಎರಡೂ ಲೆಕ್ಕ ತಪ್ಪು. ಮೊದಲನೆಯದು ಹೊಸ ಇಂಜಿನ್‌ಗೆ ಹಳೆಯ ರೋಗ ಅಂಟಿಸುತ್ತದೆ. ಎರಡನೆಯದು ಕೆಲವು ಸಲ ಗಾಡಿಯನ್ನು ಮುಂಚಿಗಿಂತ ಜಾಸ್ತಿ ಬಿಸಿ ಮಾಡುತ್ತದೆ. ಅದು ಹೇಗೆ ಅಂತ ಮುಂದೆ ನೋಡೋಣ.

ಅಂಗಡಿಗೆ ಫೋನ್ ಮಾಡುವ ಮುಂಚೆ ಕೆಟ್ಟು ನಿಂತ ಇಂಜಿನ್ ಪಕ್ಕದಲ್ಲಿ ಒಂದಷ್ಟು ಹೊತ್ತು ಕಳೆಯಬೇಕು. ಅಲ್ಲಿಂದಲೇ ಶುರು ಮಾಡುತ್ತೇನೆ.

ಹಂತ 1: ಮೊದಲು ಕೆಟ್ಟದ್ದು ಯಾವುದು?

ರೇಡಿಯೇಟರ್ ಕೆಟ್ಟು ಇಂಜಿನ್ ಸುಟ್ಟಿತೋ, ಇಂಜಿನ್ ಕೆಟ್ಟು ರೇಡಿಯೇಟರ್ ಒಡೆಯಿತೋ? ಇದು ಗೊತ್ತಾಗದೆ ಕೊಂಡರೆ ಹೊಸದಕ್ಕೂ ಅದೇ ಗತಿ.

ರೇಡಿಯೇಟರಿನ ತುದಿಯ ಪ್ಲಾಸ್ಟಿಕ್ ಟ್ಯಾಂಕ್ ಒಡೆದಿದ್ದರೆ ಬಿರುಕಿನ ಸುತ್ತ ಟಾರ್ಚ್ ಬಿಟ್ಟು ನೋಡಿ. ಒಣಗಿದ ಕೂಲೆಂಟಿನ (ಇಂಜಿನ್ ತಣಿಸುವ ದ್ರವದ) ಬಿಳಿ, ಹಸಿರು ಅಥವಾ ಗುಲಾಬಿ ಕರೆ ಪದರಪದರವಾಗಿ ಕಟ್ಟಿದೆಯಾ? ಹಾಗಾದರೆ ಅದು ಬಹಳ ಕಾಲದಿಂದ ಸ್ವಲ್ಪಸ್ವಲ್ಪವೇ ಸೋರುತ್ತಿತ್ತು. ನೀರು ಕಡಿಮೆಯಾಗಿ ಇಂಜಿನ್ ಕಾದಿದೆ. ಅಲ್ಲಿ ಕರೆಯೇ ಇಲ್ಲ, ಬಿರುಕಿನ ಅಂಚು ಚೊಕ್ಕವಾಗಿದೆ ಅಂದರೆ ಒಳಗಿನ ಒತ್ತಡಕ್ಕೆ ಸಿಡಿದಿರುವ ಸಾಧ್ಯತೆ ಜಾಸ್ತಿ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋದಾಗ ಸಿಲಿಂಡರಿನ ಹೊಗೆ ಕೂಲೆಂಟ್ ದಾರಿಗೆ ನುಗ್ಗುತ್ತದೆ. ಟ್ಯಾಂಕಾಗಲಿ ಹೋಸ್ ಪೈಪಾಗಲಿ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತು ಅಂತ ಓಡಿಸುತ್ತಿದ್ದವರು ಹೇಳಿದರೆ ಅನುಮಾನ ಹೆಡ್ ಗ್ಯಾಸ್ಕೆಟ್ ಕಡೆಗೇ. ಹೆಡ್ ಬಿಚ್ಚಿದ ಮೆಕ್ಯಾನಿಕ್‌ಗೆ ಹಳೆಯ ಗ್ಯಾಸ್ಕೆಟ್ ಎಸೆಯಬೇಡಿ ಅನ್ನಿ. ಎರಡು ಸಿಲಿಂಡರ್ ನಡುವೆ ಸುಟ್ಟ ಕಪ್ಪು ಗೆರೆ ಇದೆಯಾ, ಹೆಡ್ ಸೊಟ್ಟಗಾಗಿದೆಯಾ ಅನ್ನುವುದು ಅಲ್ಲೇ ತಿಳಿಯುತ್ತದೆ.

ಉಳಿದಿರುವ ಕೂಲೆಂಟನ್ನು ಒಂದು ಬಿಳಿ ಡಬ್ಬಕ್ಕೆ ಬಸಿದುಕೊಳ್ಳಿ. ಬಣ್ಣವೇ ಅರ್ಧ ಕಥೆ ಹೇಳುತ್ತದೆ. ತುಕ್ಕಿನ ಕಂದು ಬಣ್ಣವಾದರೆ ಬರೀ ನೀರು ಹಾಕಿ ಓಡಿಸಿದ್ದಾರೆ, ಅಥವಾ ಕೂಲೆಂಟ್ ಬದಲಿಸದೆ ವರ್ಷಗಟ್ಟಲೆ ಬಿಟ್ಟಿದ್ದಾರೆ. ಕೆನೆಕಟ್ಟಿದ ಕಂದು ಜಿಡ್ಡು ಇದ್ದರೆ ಇಂಜಿನ್ ಆಯಿಲ್ ಸೇರಿದೆ. ಅದು ಹೆಡ್ ಗ್ಯಾಸ್ಕೆಟ್‌ನಿಂದ ಬಂದಿರಬಹುದು, ನೀರಿನಿಂದ ತಣ್ಣಗಾಗುವ ಆಯಿಲ್ ಕೂಲರ್ ತೂತಾಗಿಯೂ ಬಂದಿರಬಹುದು. ಆಟೋಮ್ಯಾಟಿಕ್ ಗಾಡಿಯಲ್ಲಿ ಗುಲಾಬಿ ಬಣ್ಣದ ಗಸಿ ಕಂಡರೆ ಗೇರ್‌ಬಾಕ್ಸ್ ಆಯಿಲ್ ಬೆರೆತಿದೆ. ಇದರ ಕಥೆ ದೊಡ್ಡದು, 6ನೇ ಹಂತದಲ್ಲಿ ಹೇಳುತ್ತೇನೆ. ಕಡಲೆಕಾಯಿ ಗಾತ್ರದ ಕಂದು ಉಂಡೆಗಳು, ಲೋಹದ ಹೊಳಪಿನ ಪುಡಿ ಸಿಕ್ಕರೆ ಯಾರೋ ಸೋರಿಕೆ ನಿಲ್ಲಿಸುವ ಪುಡಿ ಸುರಿದಿದ್ದಾರೆ. ಅದು ಸೋರುವ ತೂತನ್ನಷ್ಟೇ ಮುಚ್ಚುವುದಿಲ್ಲ, ಸಿಕ್ಕ ಸಣ್ಣ ದಾರಿಯನ್ನೆಲ್ಲ ಮುಚ್ಚುತ್ತದೆ.

ಕೂಲೆಂಟ್ ಕಡಿಮೆಯಾಗುತ್ತಿತ್ತು, ನೆಲದ ಮೇಲೆ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ ಅಂದರೆ ಇಜಿಆರ್ ಕೂಲರ್ (ಇಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಭಾಗ) ಪರೀಕ್ಷೆ ಮಾಡಿಸಿ. ಇತ್ತೀಚಿನ ಡೀಸೆಲ್ ಇಂಜಿನ್‌ಗಳಲ್ಲಿ ಅದು ಒಳಗೆ ಬಿರುಕು ಬಿಟ್ಟರೆ ಕೂಲೆಂಟ್ ಬಿಳಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಪಾಪ, ಬೈಗುಳ ಮಾತ್ರ ರೇಡಿಯೇಟರಿಗೆ.

ರೇಡಿಯೇಟರ್ ಹೊರತೆಗೆದ ಮೇಲೆ ಅದರ ಹಿಂಬದಿಯನ್ನೂ, ಅಂದರೆ ಫ್ಯಾನ್ ಕಡೆಯ ಮುಖವನ್ನೂ ನೋಡಿ. ಬಿಲ್ಲಿನ ಆಕಾರದ ಗೀರುಗಳಿದ್ದರೆ ಗಾಡಿ ಆಳದ ನೀರಿಗೆ ಇಳಿದಿದೆ. ತಿರುಗುವ ಫ್ಯಾನ್ ನೀರಿಗೆ ಸಿಕ್ಕಾಗ ಅದರ ರೆಕ್ಕೆಗಳು ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೆರೆಯುತ್ತವೆ. ಇಂಥ ಗಾಡಿಗೆ ಎಷ್ಟು ಒಳ್ಳೆಯ ರೇಡಿಯೇಟರ್ ಹಾಕಿದರೂ, ನೀರು ದಾಟುವ ಅಭ್ಯಾಸ ಬದಲಾಗದಿದ್ದರೆ ಉಪಯೋಗವಿಲ್ಲ.

"ಗೇಜಿನ ಮುಳ್ಳು ಕೊನೆತನಕ ನಡುವೆಯೇ ಇತ್ತಲ್ಲ!" ಅಂತ ತುಂಬಾ ಜನ ಹೇಳುತ್ತಾರೆ. ಸುಳ್ಳಲ್ಲ. ಈಗಿನ ಎಷ್ಟೋ ಗಾಡಿಗಳಲ್ಲಿ ಚಾಲಕ ಗಾಬರಿಯಾಗದಿರಲಿ ಅಂತ ಮುಳ್ಳನ್ನು ಒಂದು ದೊಡ್ಡ ಅಂತರದವರೆಗೆ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಮೇಲೇಳುವ ಹೊತ್ತಿಗೆ ತಡವಾಗಿರುತ್ತದೆ. ಇನ್ನೊಂದು ವಿಷಯ: ನೀರು ಪೂರ್ತಿ ಖಾಲಿಯಾದರೆ ಸೆನ್ಸರ್ ಅಳೆಯುವುದು ಬರೀ ಗಾಳಿಯನ್ನು. ಆಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು.

ಹಂತ 2: ಹಳೆಯದನ್ನು ಉಳಿಸಬಹುದಾ?

ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್ ಒಮ್ಮೆ ಚೆನ್ನಾಗಿ ಕುದ್ದಿದ್ದರೆ, ನನ್ನ ಮಾತು ಕೇಳಿ, ಎಸೆಯಿರಿ. ಅತಿ ಶಾಖಕ್ಕೆ ಆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಟ್ಯಾಂಕು ಮತ್ತು ಕೋರ್ (ಕೊಳವೆಗಳೂ ಅವುಗಳ ನಡುವೆ ತೆಳು ಲೋಹದ ಪಟ್ಟಿಗಳಾದ ಫಿನ್‌ಗಳೂ ಇರುವ ನಡುಭಾಗ) ನಡುವಿನ ರಬ್ಬರ್ ಸೀಲ್ ಚಪ್ಪಟೆಯಾಗಿ ಗಡುಸಾಗುತ್ತದೆ. ಆಯಿಲ್ ಸೇರಿದ್ದರೆ ಅದೇ ರಬ್ಬರ್ ಊದಿಕೊಳ್ಳುತ್ತದೆ. ಇವತ್ತು ಸೋರದಿದ್ದರೂ ಹೊಸ ಇಂಜಿನ್‌ನ ಮೊದಲ ದೊಡ್ಡ ಏರಿನಲ್ಲಿ ಸೋರುತ್ತದೆ.

ತಾಮ್ರ-ಹಿತ್ತಾಳೆಯದಾದರೆ ಮಾತು ಬೇರೆ. ಟ್ಯಾಂಕ್ ಬಿಚ್ಚಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ, ಮತ್ತೆ ಬೆಸುಗೆ ಹಾಕಬಹುದು. ಆದರೆ ಫಿನ್‌ಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಪುಡಿಪುಡಿಯಾಗಿ ಉದುರಿದರೆ ಅಥವಾ ಕೊಳವೆಯಿಂದ ಬಿಟ್ಟುಕೊಂಡಿದ್ದರೆ ಒಳಗೆ ಎಷ್ಟು ತೊಳೆದರೂ ಶಾಖ ಗಾಳಿಗೆ ದಾಟುವುದಿಲ್ಲ. ಆಗ ಹೊಸ ಕೋರ್ ಹಾಕಿಸುವುದೇ ದಾರಿ.

ಸೋರಿಕೆ ಪುಡಿ ಬಿದ್ದ ರೇಡಿಯೇಟರನ್ನು ಉಳಿಸುವ ಆಸೆ ಬೇಡ. ರೀಬಿಲ್ಡ್ ಇಂಜಿನ್ ಕೊಡುವ ಎಷ್ಟೋ ಕಡೆ ಹೊಸ ಅಥವಾ ಪೂರ್ತಿ ಶುಚಿ ಮಾಡಿಸಿದ ರೇಡಿಯೇಟರ್ ಹಾಕಿದರೆ ಮಾತ್ರ ವಾರಂಟಿ ಕೊಡುತ್ತಾರೆ. ಕೆಲವರು ಹೆಡ್ ಮೇಲೆ ಒಂದು ಸಣ್ಣ ಶಾಖದ ಗುಂಡಿ ಅಂಟಿಸಿ ಕಳಿಸುತ್ತಾರೆ. ಮಿತಿ ಮೀರಿ ಕಾದರೆ ಅದರ ನಡುಭಾಗ ಕರಗುತ್ತದೆ, ವಾರಂಟಿಯೂ ಅದರ ಜೊತೆಗೇ ಹೋಗುತ್ತದೆ. ಷರತ್ತುಗಳನ್ನು ಮೊದಲೇ ಓದಿ.

ಹಂತ 3: ಗಾಡಿಯ ಜಾತಕ ಬರೆದುಕೊಳ್ಳಿ

ಮಾಡೆಲ್ ಹೆಸರು, ವರ್ಷ ಹೇಳಿದರೆ ಸಾಲದು. ಒಂದೇ ಮಾಡೆಲ್‌ನಲ್ಲಿ ಎರಡು ಮೂರು ಇಂಜಿನ್, ಮ್ಯಾನ್ಯುಯಲ್ ಮತ್ತು ಆಟೋಮ್ಯಾಟಿಕ್, ನಡುವೆ ಬದಲಾದ ಬ್ರ್ಯಾಕೆಟ್ ಎಲ್ಲ ಇರುತ್ತವೆ. ಚಾಸಿಸ್ ನಂಬರ್, ಇಂಜಿನ್ ಕೋಡ್, ತಯಾರಾದ ತಿಂಗಳು, ಗೇರ್‌ಬಾಕ್ಸ್ ಯಾವುದು ಅನ್ನುವುದು ಕೈಯಲ್ಲಿರಲಿ. ಹಳೆಯ ರೇಡಿಯೇಟರ್ ಮೇಲೆ ಪಾರ್ಟ್ ನಂಬರ್ ಉಳಿದಿದ್ದರೆ ಫೋಟೋ ತೆಗೆದುಕೊಳ್ಳಿ. ಬೇರೆ ಇಂಜಿನ್ ಕೂರಿಸುವವರಿದ್ದರೆ ಗಾಡಿಯ ಲೆಕ್ಕ ಬಿಟ್ಟು ಆ ಇಂಜಿನ್‌ನ ಲೆಕ್ಕ ಹಿಡಿಯಿರಿ. ಜಾಸ್ತಿ ಶಕ್ತಿಯ ಇಂಜಿನ್ ಬಂತು ಅಂದರೆ ಹೊರಹಾಕಬೇಕಾದ ಶಾಖವೂ ಜಾಸ್ತಿ ಅಲ್ವಾ? ಡೀಸೆಲ್ ಸುಟ್ಟು ಬರುವ ಶಕ್ತಿಯಲ್ಲಿ ಸರಿಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕೂಲೆಂಟಿಗೇ ಹೋಗುತ್ತದೆ.

ಆಮೇಲೆ ಟೇಪ್ ಹಿಡಿದು ಇಷ್ಟನ್ನು ಅಳೆಯಿರಿ:

- ಕೋರ್‌ನ ಎತ್ತರ, ಅಗಲ, ದಪ್ಪ. ಟ್ಯಾಂಕ್ ಸೇರಿಸದೆ, ಫಿನ್ ಇರುವ ಭಾಗ ಮಾತ್ರ.
- ಮೇಲಿನ ಮತ್ತು ಕೆಳಗಿನ ಹೋಸ್ ಬಾಯಿಯ ವ್ಯಾಸ, ಅದು ಯಾವ ಕಡೆಗೆ ತಿರುಗಿದೆ.
- ಫ್ಯಾನಿನ ರೆಕ್ಕೆಗೂ ಕೋರ್‌ಗೂ ನಡುವಿನ ಜಾಗ.
- ಬ್ರ್ಯಾಕೆಟ್, ರಬ್ಬರ್ ಬುಷ್ ಕೂರುವ ಗೂಟ, ಫ್ಯಾನ್ ಕವರ್ ಸ್ಕ್ರೂ ಜಾಗ, ಸೆನ್ಸರ್ ತೂತು, ಡ್ರೈನ್ ಪ್ಲಗ್.

ಫ್ಯಾನ್ ಕವರ್ ಸ್ಕ್ರೂ ಜಾಗ ಮರೆತರೆ ಆಮೇಲೆ ಕೇಬಲ್ ಟೈ ಕಟ್ಟಿ ನಿಲ್ಲಿಸಬೇಕಾಗುತ್ತದೆ. ಕಲ್ಲುದಾರಿಯಲ್ಲಿ ಅದು ಸಡಿಲವಾಗಿ ಫ್ಯಾನಿಗೆ ತಗುಲಿದರೆ ಹೊಸ ಕೋರ್ ಹೋಯಿತು ಅಂತಲೇ ಲೆಕ್ಕ.

ಹಂತ 4: ಯಾವ ಲೋಹ?

ಮೂರು ಬಗೆ ಇವೆ. ತಾಮ್ರದ ಫಿನ್, ಹಿತ್ತಾಳೆಯ ಕೊಳವೆ ಮತ್ತು ಟ್ಯಾಂಕ್ ಇರುವ ಹಳೆಯ ಬಗೆ. ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಸೇರಿಸಿದ್ದು. ಪೂರ್ತಿ ಅಲ್ಯೂಮಿನಿಯಂ.

"ತಾಮ್ರವೇ ಬೆಸ್ಟ್, ಶಾಖ ಬೇಗ ಬಿಡುತ್ತದೆ" ಅನ್ನುವ ಮಾತು ಅರ್ಧ ನಿಜ. ಶಾಖ ಹರಿಸುವ ಗುಣದಲ್ಲಿ ತಾಮ್ರದ ಅಂಕಿ ಸುಮಾರು 400, ಶುದ್ಧ ಅಲ್ಯೂಮಿನಿಯಂನದು ಸುಮಾರು 235. ಆದರೆ ರೇಡಿಯೇಟರಿನಲ್ಲಿ ಬರೀ ಲೋಹ ಇರುವುದಿಲ್ಲ, ಜೋಡಣೆಯೂ ಇರುತ್ತದೆ. ತಾಮ್ರದ ಫಿನ್ ಕೊಳವೆಗೆ ಅಂಟಿರುವುದು ಸೀಸ-ತವರದ ಬೆಸುಗೆಯಿಂದ, ಅದು ಶಾಖವನ್ನು ಅಷ್ಟು ಚೆನ್ನಾಗಿ ಹರಿಸುವುದಿಲ್ಲ. ಅಲ್ಯೂಮಿನಿಯಂ ಹಗುರ, ಜೊತೆಗೆ ಗಟ್ಟಿ. ಅದರಲ್ಲಿ ಅಗಲವಾದ ಚಪ್ಪಟೆ ಕೊಳವೆ ಮಾಡಬಹುದು. ಕೊಳವೆ ಅಗಲವಾದಷ್ಟೂ ಫಿನ್‌ಗೆ ತಾಗುವ ಜಾಗ ಜಾಸ್ತಿ. ಹೀಗಾಗಿ ಒಳ್ಳೆಯ ಅಲ್ಯೂಮಿನಿಯಂ ಕೋರ್ ಅದೇ ಗಾತ್ರದ ತಾಮ್ರದ ಕೋರ್‌ಗೆ ಸಮನಾಗಿ, ಕೆಲವೊಮ್ಮೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಗಾಡಿ ಎಲ್ಲಿ ಓಡುತ್ತದೆ ಅನ್ನುವುದರ ಮೇಲೆ.

ದೂರದ ಹಾದಿ, ಹತ್ತಿರದಲ್ಲಿ ಊರಿಲ್ಲ, ಒಡೆದರೆ ಸಿಕ್ಕ ಸಣ್ಣ ವರ್ಕ್‌ಶಾಪ್‌ನಲ್ಲೇ ಸರಿಯಾಗಬೇಕು ಅನ್ನುವವರಿಗೆ ತಾಮ್ರ-ಹಿತ್ತಾಳೆ ಇವತ್ತಿಗೂ ಅರ್ಥವಿರುವ ಆಯ್ಕೆ. ಬೆಸುಗೆ ಹಾಕಲು ಬಲ್ಲವರು ಸಿಕ್ಕರೆ ಸಾಕು. ಅದರ ದೋಷ ತೂಕ. ಹಲಗೆ ಸ್ಪ್ರಿಂಗಿನ ಹಳೆಯ ಗಾಡಿಗಳಲ್ಲಿ ಚಾಸಿಸ್ ತಿರುಚುತ್ತದೆ, ಬೆಸುಗೆಯ ಜೋಡಣೆಗಳು ಬಿರುಕು ಬಿಡುತ್ತವೆ.

ಅಲ್ಯೂಮಿನಿಯಂ-ಪ್ಲಾಸ್ಟಿಕ್ ಬಗೆಯನ್ನು ಕೀಳಾಗಿ ನೋಡುವವರು ತುಂಬಾ ಮಂದಿ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಈಗಿನ ಬಹುತೇಕ ಗಾಡಿಗಳಿಗೆ ಕಂಪನಿಯೇ ಹಾಕುವುದು ಇದನ್ನೇ. ಪ್ಲಾಸ್ಟಿಕ್ ಟ್ಯಾಂಕ್ ತುಸು ಬಾಗುವುದರಿಂದ ಅಲುಗಾಟ ತಡೆಯುತ್ತದೆ. ಒಳ್ಳೆಯ ಗುಣಮಟ್ಟದ್ದು ವರ್ಷಗಟ್ಟಲೆ ಬಾಳುತ್ತದೆ. ಅದು ಸಾಯುವುದು ವಯಸ್ಸಿನಿಂದ ಮತ್ತು ಶಾಖದಿಂದ. ಮಾರ್ಪಾಡು ಮಾಡದ ಗಾಡಿ, ಸಾಧಾರಣ ಬಳಕೆ ಅಂದರೆ ಸುಮ್ನೆ ಕಂಪನಿಯದನ್ನೇ ಅಥವಾ ಅದೇ ಅಳತೆಯ ಒಳ್ಳೆಯ ಬ್ರ್ಯಾಂಡನ್ನು ತಂದು ಹಾಕಿ.

ಪೂರ್ತಿ ಅಲ್ಯೂಮಿನಿಯಂ ನೋಡಲು ಚೆಂದ, ಪ್ಲಾಸ್ಟಿಕ್ ಒಡೆಯುವ ಭಯವೂ ಇಲ್ಲ. ಆದರೆ ಅದರಲ್ಲಿ ಬಾಗುವ ಭಾಗವೇ ಇಲ್ಲ. ಒರಟು ದಾರಿಯ ಸಣ್ಣ ಸಣ್ಣ ಏರಿಳಿತದ ಕುಲುಕಾಟ ನೇರವಾಗಿ ವೆಲ್ಡಿಂಗ್ ಮೇಲೆ ಬೀಳುತ್ತದೆ. ರಬ್ಬರ್ ಬುಷ್ ಇಲ್ಲದೆ ಬಿಗಿಯಾಗಿ ಬೋಲ್ಟ್ ಹಾಕಿದ್ದರೆ ಮೂಲೆಯ ವೆಲ್ಡಿಂಗ್ ಬಿರಿಯುತ್ತದೆ. ಕೊಳ್ಳುವಾಗ ಟ್ಯಾಂಕ್ ಕೋರ್‌ಗೆ ಸೇರುವ ನಾಲ್ಕು ಮೂಲೆಗಳನ್ನು ಹತ್ತಿರದಿಂದ ನೋಡಿ. ವೆಲ್ಡಿಂಗ್ ಗೆರೆ ಒಂದೇ ಸಮ ಇರಬೇಕು. ನಡುವೆ ಸಣ್ಣ ತೂತು, ಮತ್ತೆ ಮೆತ್ತಿದ ಗಂಟು, ಮರಳು ಕಾಗದದಿಂದ ಉಜ್ಜಿ ಮರೆಮಾಡಿದ ಗುರುತು ಕಂಡರೆ ವಾಪಸ್ ಕೊಡಿ. ಅಗ್ಗದ ಪೂರ್ತಿ ಅಲ್ಯೂಮಿನಿಯಂಗಿಂತ ಒಳ್ಳೆಯ ಪ್ಲಾಸ್ಟಿಕ್ ಟ್ಯಾಂಕಿನದು ಎಷ್ಟೋ ವಾಸಿ.

ಹಂತ 5: ದಪ್ಪ, ಫಿನ್, ಗಾಳಿ

ಮೊದಲು ಹೇಳಿದ "ದಪ್ಪದ್ದು ಹಾಕಿಬಿಡಿ" ಲೆಕ್ಕಕ್ಕೆ ಬರೋಣ. ರೇಡಿಯೇಟರ್ ಶಾಖವನ್ನು ನುಂಗುವುದಿಲ್ಲ, ಗಾಳಿಗೆ ದಾಟಿಸುತ್ತದೆ ಅಷ್ಟೆ. ಗಾಳಿ ಸಾಗದಿದ್ದರೆ ಎಷ್ಟು ದಪ್ಪ ಇದ್ದರೂ ಅಷ್ಟೇ. ಮುಂದಿನ ಸಾಲಿನ ಕೊಳವೆಗಳಿಗೆ ತಣ್ಣನೆಯ ಗಾಳಿ ಸಿಗುತ್ತದೆ. ಹಿಂದಿನ ಸಾಲಿಗೆ ಸಿಗುವುದು ಆಗಲೇ ಬಿಸಿಯಾದ ಗಾಳಿ. ಹಾಗಾಗಿ ದಪ್ಪ ಎರಡರಷ್ಟಾದರೆ ತಣಿಸುವ ಶಕ್ತಿ ಎರಡರಷ್ಟಾಗುವುದಿಲ್ಲ. ಗಾಳಿಗೆ ಅಡ್ಡಿ ಮಾತ್ರ ಖಂಡಿತ ಹೆಚ್ಚುತ್ತದೆ.

ಹೆದ್ದಾರಿಯ ವೇಗದಲ್ಲಿ ಗಾಳಿ ತಾನೇ ತಳ್ಳಿಕೊಂಡು ಬರುತ್ತದೆ, ಆಗ ದಪ್ಪ ಕೋರ್ ಲಾಭ ಕೊಡಬಹುದು. ಫೋರ್ ಬೈ ಫೋರ್ ಗಾಡಿಯ ಕಷ್ಟವೇ ಬೇರೆ. ಲೋ ರೇಂಜಿನಲ್ಲಿ (ನಿಧಾನಕ್ಕೆ, ಜಾಸ್ತಿ ಬಲದಿಂದ ಎಳೆಯುವ ಗೇರಿನಲ್ಲಿ) ಮರಳು ಹತ್ತುವಾಗ, ಕೆಸರಿನಲ್ಲಿ ತೆವಳುವಾಗ ಇಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿ ನಡಿಗೆಯ ವೇಗದಲ್ಲಿರುತ್ತದೆ. ಗಾಳಿ ಎಳೆಯುವುದು ಫ್ಯಾನ್ ಒಂದೇ. ಅಂಥ ಹೊತ್ತಿನಲ್ಲಿ ದಪ್ಪ, ಒತ್ತೊತ್ತಾದ ಕೋರ್ ಫ್ಯಾನಿನ ಉಸಿರು ಕಟ್ಟಿಸುತ್ತದೆ. ಕಂಪನಿಯ ಕೋರ್ 26 ಮಿ.ಮೀ. ಇದ್ದ ಜಾಗಕ್ಕೆ 36 ಹಾಕಿದರೆ ತೊಂದರೆ ಕಡಿಮೆ. 56 ಹಾಕುವ ಮುಂಚೆ ನಿಮ್ಮ ಫ್ಯಾನಿಗೆ ಆ ಶಕ್ತಿ ಇದೆಯಾ ಅಂತ ಕೇಳಿಕೊಳ್ಳಿ. ಫ್ಯಾನಿಗೂ ಕೋರ್‌ಗೂ ನಡುವೆ ಕನಿಷ್ಠ 20 ಮಿ.ಮೀ. ಜಾಗ ಉಳಿದರೆ ಒಳ್ಳೆಯದು. ಇಂಜಿನ್ ತನ್ನ ಮೌಂಟಿಂಗ್ ಮೇಲೆ ಅಲುಗುತ್ತದೆ ಅನ್ನುವುದು ನೆನಪಿರಲಿ.

ಎತ್ತರ-ಅಗಲ ಹೆಚ್ಚಿಸುವ ಜಾಗ ಇದ್ದರೆ ದಪ್ಪಕ್ಕಿಂತ ಅದೇ ಮೇಲು. ಗಾಳಿಗೆ ಎದುರಾಗುವ ಮುಖ ದೊಡ್ಡದಾದರೆ ತಣ್ಣನೆಯ ಗಾಳಿಯೂ ಜಾಸ್ತಿ ಸಿಗುತ್ತದೆ.

ಫಿನ್‌ಗಳದೂ ಇದೇ ಕಥೆ. ಒಂದು ಇಂಚಿನಲ್ಲಿ ಎಷ್ಟು ಫಿನ್ ಇವೆ ಅಂತ ಎಣಿಸಿ. ಸ್ಕೇಲ್ ಇಟ್ಟು ಎಣಿಸಿದರೆ ಅರ್ಧ ನಿಮಿಷದ ಕೆಲಸ. 14ರ ಮೇಲೆ ಇದ್ದರೆ ಟಾರು ರಸ್ತೆಗೆ ಚೆನ್ನ. ಕೆಸರು, ಹುಲ್ಲಿನ ಬೀಜ, ಧೂಳು ಇರುವ ಕಡೆಗೆ 10ರಿಂದ 12 ಇರುವುದು ಒಳ್ಳೆಯದು. ಕಾಗದದ ಮೇಲೆ ಅದರ ಶಕ್ತಿ ಕಡಿಮೆ ಕಾಣಬಹುದು. ಆದರೆ ಒತ್ತೊತ್ತಾದ ಫಿನ್‌ಗಳ ನಡುವೆ ಕೆಸರು ಒಣಗಿ ಕೂತರೆ ಆ ಶಕ್ತಿ ತಗೊಂಡು ಏನು ಮಾಡುವುದು?

ರೇಡಿಯೇಟರ್ ಮುಂದೆ ಏನೇನಿದೆ ಅನ್ನುವುದನ್ನೂ ಇಲ್ಲೇ ನೋಡಿಬಿಡಿ. ಎಸಿ ಕಂಡೆನ್ಸರ್, ಕೆಲವು ಗಾಡಿಗಳಲ್ಲಿ ಇಂಟರ್‌ಕೂಲರ್, ಅದರ ಮುಂದೆ ವಿಂಚ್, ಸಾಲಾಗಿ ಹೆಚ್ಚುವರಿ ದೀಪಗಳು, ಬುಲ್‌ಬಾರ್. ಇವೆಲ್ಲ ಗಾಳಿಯನ್ನು ತಡೆಯುತ್ತವೆ ಅಥವಾ ಮೊದಲೇ ಬಿಸಿ ಮಾಡಿ ಕಳಿಸುತ್ತವೆ. ಎಷ್ಟೋ ಸಲ ಎರಡು ದೀಪ ಜಾಗ ಬದಲಿಸಿದರೆ, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕೂತ ಮಣ್ಣು ತೆಗೆದರೆ ಸಿಗುವ ಲಾಭ ದುಬಾರಿ ರೇಡಿಯೇಟರಿನಿಂದ ಸಿಗುವುದಿಲ್ಲ.

ಹಂತ 6: ಆಟೋಮ್ಯಾಟಿಕ್ ಗಾಡಿಯವರು ಇದನ್ನು ಬಿಡಬೇಡಿ

ಬಹಳಷ್ಟು ಆಟೋಮ್ಯಾಟಿಕ್ ಗಾಡಿಗಳಲ್ಲಿ ರೇಡಿಯೇಟರಿನ ಒಂದು ಟ್ಯಾಂಕಿನೊಳಗೇ ಗೇರ್‌ಬಾಕ್ಸ್ ಆಯಿಲ್ ತಣಿಸುವ ಸಣ್ಣ ಕೂಲರ್ ಕೂತಿರುತ್ತದೆ. ಅದು ಒಳಗೆ ತೂತಾದರೆ ಆಯಿಲ್ ಕೂಲೆಂಟಿಗೆ, ಕೂಲೆಂಟ್ ಗೇರ್‌ಬಾಕ್ಸಿಗೆ. ಗುಲಾಬಿ ಗಸಿ ಬರುವುದು ಹೀಗೆ. ಕೂಲೆಂಟಿನ ಗ್ಲೈಕಾಲ್ ಗೇರ್‌ಬಾಕ್ಸಿನೊಳಗಿನ ಕ್ಲಚ್ ಪ್ಲೇಟ್‌ಗಳ ಅಂಟನ್ನು ಬಿಡಿಸುತ್ತದೆ. ಇಂಜಿನ್ ಜೊತೆ ಗೇರ್‌ಬಾಕ್ಸ್ ಖರ್ಚೂ ಬರುವುದು ಆಗಲೇ. ಈ ಲಕ್ಷಣ ಕಂಡಿದ್ದರೆ ರೇಡಿಯೇಟರ್ ಬದಲಿಸಿ ಸುಮ್ಮನಾಗಬೇಡಿ, ಗೇರ್‌ಬಾಕ್ಸ್ ಬಲ್ಲವರಿಗೆ ತೋರಿಸಿ.

ಮ್ಯಾನ್ಯುಯಲ್ ಗಾಡಿಯ ರೇಡಿಯೇಟರ್ ಅಗ್ಗಕ್ಕೆ ಸಿಕ್ಕಿತು ಅಂತ ಆಟೋಮ್ಯಾಟಿಕ್‌ಗೆ ಹಾಕಬೇಡಿ, ಗೇರ್‌ಬಾಕ್ಸ್ ಆಯಿಲ್‌ಗೆ ತಣಿಯುವ ಜಾಗವೇ ಇರುವುದಿಲ್ಲ. ಉಲ್ಟಾ ಆದರೆ ಪರವಾಗಿಲ್ಲ: ಕೂಲರ್ ಬಾಯಿಗಳನ್ನು ಮುಚ್ಚಿ ಬಳಸಬಹುದು. ಟ್ರೇಲರ್ ಎಳೆಯುವವರು, ಮರಳಲ್ಲಿ ಓಡಿಸುವವರು ಹೊರಗಡೆ ಪ್ರತ್ಯೇಕ ಆಯಿಲ್ ಕೂಲರ್ ಹಾಕಿಸುವುದು ಒಳ್ಳೆಯದು. ತೀರಾ ಚಳಿಯ ಜಾಗವಾದರೆ ಒಳಗಿನ ಕೂಲರನ್ನು ಪೂರ್ತಿ ಬಿಟ್ಟುಬಿಡಬೇಡಿ, ಆಯಿಲ್ ಬೇಗ ಹದಕ್ಕೆ ಬರಲು ಅದು ಸಹಾಯ ಮಾಡುತ್ತದೆ.

ಹಂತ 7: ಮುಚ್ಚಳ

ಸಣ್ಣ ವಸ್ತು, ದೊಡ್ಡ ಕೆಲಸ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅದು ಬಾರ್ ಲೆಕ್ಕದ ಒತ್ತಡ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. 0.9 ಬಾರ್ ಮುಚ್ಚಳದ ಕೆಳಗೆ ಅದೇ ನೀರು ಕುದಿಯಲು ಸುಮಾರು 119 ಡಿಗ್ರಿ ಬೇಕು. ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಈ ಅಂತರ ಕಳೆದುಹೋಗುತ್ತದೆ. ಎತ್ತರದ ಜಾಗಗಳಲ್ಲಿ ನೀರು ಮೊದಲೇ ಬೇಗ ಕುದಿಯುವುದರಿಂದ ಅಲ್ಲಿ ಇದರ ಏಟು ಜಾಸ್ತಿ.

ಹೊಸ ರೇಡಿಯೇಟರ್ ಜೊತೆ ಹೊಸ ಮುಚ್ಚಳ, ಕಂಪನಿ ಹೇಳಿದ ಅಂಕಿಯದೇ. ಜಾಸ್ತಿ ಒತ್ತಡದ್ದು ಹಾಕಿದರೆ ಹಳೆಯ ಹೀಟರ್ ಕೋರ್, ಹಳೆಯ ಹೋಸ್ ಬಿರಿಯುತ್ತವೆ. ಇಂಜಿನ್ ತಣ್ಣಗಾದ ಮೇಲೆ ಮೇಲಿನ ಹೋಸ್ ಒಳಕ್ಕೆ ಅಪ್ಪಚ್ಚಿಯಾಗಿದ್ದರೆ ಮುಚ್ಚಳದ ವಾಪಸ್ ಎಳೆಯುವ ವಾಲ್ವ್ ಅಂಟಿಕೊಂಡಿರಬಹುದು. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ ಅಂತ ಮತ್ತೆ ಹೇಳಬೇಕಾ? ಹೇಳುತ್ತೇನೆ: ತೆಗೆಯಬೇಡಿ. ಒತ್ತಡ ಹೋದ ಕ್ಷಣಕ್ಕೆ ಒಳಗಿನದೆಲ್ಲ ಕುದ್ದು ಮುಖಕ್ಕೆ ಬರುತ್ತದೆ.

ಹಂತ 8: ಕೂರಿಸುವ ಮುಂಚೆ ಉಳಿದದ್ದನ್ನು ಶುಚಿ ಮಾಡಿ

ಹೊಸ ರೇಡಿಯೇಟರ್ ಕೊಳಕು ನೀರಿನ ದಾರಿಗೆ ಸಿಕ್ಕಿದರೆ ಒಳ್ಳೆಯ ಸೋಸುಬಟ್ಟೆಯಾಗಿಬಿಡುತ್ತದೆ. ಬ್ಲಾಕ್‌ನಲ್ಲಿರುವ ತುಕ್ಕು, ಹೀಟರ್ ಕೋರ್‌ನಲ್ಲಿರುವ ಜಿಡ್ಡು ಎಲ್ಲ ಬಂದು ಅದರ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ. ಆದ್ದರಿಂದ ರೇಡಿಯೇಟರ್ ಜೋಡಿಸುವ ಮುಂಚೆಯೇ ಬ್ಲಾಕ್ ಮತ್ತು ಹೀಟರ್ ಕೋರ್ ಬೇರೆಬೇರೆಯಾಗಿ, ಎರಡೂ ದಿಕ್ಕಿನಿಂದ ತೊಳೆಯಿರಿ. ಬ್ಲಾಕಿಗೆ ಅದರದೇ ಡ್ರೈನ್ ಪ್ಲಗ್ ಇರುತ್ತದೆ. ಅದನ್ನು ತೆಗೆಯದಿದ್ದರೆ ಹಳೆಯ ನೀರು ಸಾಕಷ್ಟು ಒಳಗೇ ಉಳಿಯುತ್ತದೆ. ಆಯಿಲ್ ಸೇರಿದ್ದರೆ ಕೂಲಿಂಗ್ ಸಿಸ್ಟಂಗೆ ಅಂತಲೇ ಮಾಡಿದ ಡಿಗ್ರೀಸರ್ ಬೇಕು, ಒಂದೇ ಸಲಕ್ಕೆ ಹೋಗುವುದೂ ಇಲ್ಲ. ಆಯಿಲ್ ಕುಡಿದ ಹೋಸ್‌ಗಳು ಮುಟ್ಟಿದರೆ ಮೆತ್ತಗೆ, ಊದಿದಂತಿರುತ್ತವೆ. ಅವನ್ನು ಉಳಿಸಿಕೊಳ್ಳಬೇಡಿ.

ಬೇರಿಂಗ್ ಅಥವಾ ಪಿಸ್ಟನ್ ಚೂರಾಗಿದ್ದರೆ ಲೋಹದ ಚೂರು ಇಂಜಿನ್ ಆಯಿಲ್ ಕೂಲರ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ತೊಳೆದು ನಂಬುವುದು ಕಷ್ಟ, ಹೊಸದೇ ಹಾಕಿ.

ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್) ಹೊಸದು ಹಾಕಿ. ತೆಗೆದು ಬಿಸಾಡಬೇಡಿ! "ಥರ್ಮೋಸ್ಟಾಟ್ ತೆಗೆದರೆ ಗಾಡಿ ತಣ್ಣಗಿರುತ್ತೆ" ಅನ್ನುವ ಸಲಹೆ ಇವತ್ತಿಗೂ ಓಡಾಡುತ್ತಿದೆ. ಎಷ್ಟೋ ಡೀಸೆಲ್ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು, ಅಂದರೆ ರೇಡಿಯೇಟರನ್ನು ತಪ್ಪಿಸಿ ಹೋಗುವ ದಾರಿಯನ್ನು, ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. ಹೊಸದನ್ನು ಹಾಕುವ ಮುಂಚೆ ಪಾತ್ರೆಯ ನೀರಿನಲ್ಲಿ ಕಾಯಿಸಿ, ಅದರ ಮೇಲೆ ಬರೆದ ತಾಪಮಾನದ ಹತ್ತಿರ ತೆರೆಯುತ್ತದಾ ಅಂತ ನೋಡಿಕೊಳ್ಳಿ.

ವಾಟರ್ ಪಂಪ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆದಿದೆಯಾ, ಶಾಫ್ಟ್ ಮೇಲೆ ಜಾರುತ್ತಿದೆಯಾ ನೋಡಿ. ವಿಸ್ಕಸ್ ಫ್ಯಾನ್ (ಒಳಗಿನ ದಪ್ಪ ಎಣ್ಣೆಯಿಂದ ಹಿಡಿತ ಪಡೆದು ತಿರುಗುವ ಫ್ಯಾನ್) ಇದ್ದರೆ ಇಂಜಿನ್ ಬಿಸಿಯಾಗಿ ಆಫ್ ಆದ ಮೇಲೆ ಕೈಯಿಂದ ತಿರುಗಿಸಿ. ಸಲೀಸಾಗಿ ಗಿರಗಿರ ಸುತ್ತಿದರೆ ಒಳಗಿನ ಸಿಲಿಕೋನ್ ಆಯಿಲ್ ಹೋಗಿದೆ. ಹಬ್ ಸುತ್ತ ಎಣ್ಣೆ ಧೂಳು ಕಟ್ಟಿದ್ದರೂ ಅದೇ ಅರ್ಥ. ಇಂಜಿನ್ ಕೆಟ್ಟು ನಿಂತಿದ್ದರೆ ಈ ಪರೀಕ್ಷೆ ಹೊಸ ಇಂಜಿನ್ ಸ್ಟಾರ್ಟ್ ಆದ ಮೇಲೆ, ಗಾಡಿ ದೂರ ಹೋಗುವ ಮುಂಚೆ.

ಜೋಡಿಸುವಾಗ ರಬ್ಬರ್ ಬುಷ್ ಹೊಸದಿರಲಿ. ಫ್ಯಾನ್ ಕವರ್ ಸುತ್ತ, ರೇಡಿಯೇಟರ್ ಪಕ್ಕಗಳಲ್ಲಿ ಇದ್ದ ಫೋಮ್ ಪಟ್ಟಿಗಳನ್ನು ವಾಪಸ್ ಹಾಕಿ. ಅವು ಅಲಂಕಾರಕ್ಕಲ್ಲ. ಅವಿಲ್ಲದಿದ್ದರೆ ಗಾಳಿ ಕೋರ್ ಮೂಲಕ ಹೋಗದೆ ಪಕ್ಕದ ಸಂದಿಯಿಂದ ನುಸುಳಿಕೊಳ್ಳುತ್ತದೆ.

ಹಂತ 9: ಕೂಲೆಂಟ್ ತುಂಬುವುದು

ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಗಾಡಿಯ ಪುಸ್ತಕದಲ್ಲಿ ಬರೆದ ಮಾನದಂಡ ಡಬ್ಬದ ಮೇಲೆ ಇದೆಯಾ ಅಂತ ನೋಡಿ. ಎರಡು ಬಗೆ ಬೆರೆಸಬೇಡಿ. ಲೈನರಿನ (ಪಿಸ್ಟನ್ ಓಡಾಡುವ ಲೋಹದ ಕೊಳವೆಯ) ಹೊರಮೈ ನೇರವಾಗಿ ನೀರಿಗೆ ತಾಗುವ ಡೀಸೆಲ್ ಇಂಜಿನ್ ಆದರೆ ಹೆವಿ ಡ್ಯೂಟಿ ಡೀಸೆಲ್‌ಗೆ ಮಾಡಿದ ಕೂಲೆಂಟೇ ಬೇಕು. ಅಂಥ ಲೈನರ್ ಇಂಜಿನ್ ಏಟಿಗೆ ನಡುಗುವಾಗ ಅದರ ಮೇಲೆ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತವೆ. ಒಡೆದ ಕಡೆಯೆಲ್ಲ ಲೋಹದಲ್ಲಿ ಕುಳಿ ಬೀಳುತ್ತಾ ಹೋಗುತ್ತದೆ.

ಸಾಂದ್ರ ಕೂಲೆಂಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು. ಕೊಳವೆ ಬಾವಿ ನೀರಿನ ಸುಣ್ಣ ಹೊಸ ಕೋರ್ ಒಳಗೆ ಪದರ ಕಟ್ಟುತ್ತದೆ. ಚೆಲ್ಲಿದ ಕೂಲೆಂಟನ್ನು ಕೂಡಲೇ ಒರೆಸಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ. ಗಾಡಿಯ ಮೂತಿ ಸ್ವಲ್ಪ ಮೇಲಿರಲಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ತೆರೆದಿಡಿ. ನಿಧಾನವಾಗಿ ಸುರಿಯಿರಿ. ಮೇಲಿನ ಹೋಸ್ ಹಿಸುಕುತ್ತಾ ಬಂದರೆ ಗುಳ್ಳೆ ಬೇಗ ಹೊರಬರುತ್ತದೆ. ಪುಸ್ತಕದಲ್ಲಿ ಹೇಳಿದಷ್ಟು ಲೀಟರ್ ಹಿಡಿಯಲಿಲ್ಲ ಅಂದರೆ ಎಲ್ಲೋ ಗಾಳಿ ಕೂತಿದೆ. ಹೊಸ ಇಂಜಿನ್ ಮೊದಲ ದಿನವೇ ಹೆಡ್ ಸುಟ್ಟುಕೊಳ್ಳುವುದಕ್ಕೆ ಆ ಗಾಳಿ ಒಂದೇ ಸಾಕು.

ಹಂತ 10: ಮೊದಲ ಓಟ, ಆಮೇಲಿನ ತಪಾಸಣೆ

ಮೊದಲ ಓಟಕ್ಕೆ ಭಾರ ಬೇಡ, ಏರೂ ಬೇಡ. ಗೇಜನ್ನು ನಂಬದೆ ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್‌ಗೆ) ಸಣ್ಣ ರೀಡರ್ ಸಿಕ್ಕಿಸಿ ಫೋನಿನಲ್ಲಿ ನಿಜವಾದ ತಾಪಮಾನ ನೋಡಿ. ಹಳೆಯ ಗಾಡಿಗೆ ಪ್ರತ್ಯೇಕ ಗೇಜು ಮತ್ತು ಕೂಲೆಂಟ್ ಕಡಿಮೆಯಾದರೆ ಕೂಗುವ ಅಲಾರಂ ಹಾಕಿಸಿ. ಹೊಸ ಇಂಜಿನ್ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಇಂಜಿನ್ ಕೆಲಸದ ತಾಪಮಾನಕ್ಕೆ ಬಂದ ಮೇಲೆ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ಕೋರ್ ಉದ್ದಕ್ಕೂ ಅಳೆಯಿರಿ. ನೀರು ಒಳಬರುವ ಕಡೆ ಬಿಸಿ, ಹೊರಹೋಗುವ ಕಡೆಗೆ ನಿಧಾನವಾಗಿ ಇಳಿಯುತ್ತಾ ಹೋಗಬೇಕು. ನಡುವೆ ಒಂದೇ ಪಟ್ಟಿ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ಹೊಸದರಲ್ಲೇ ಹೀಗಾಗಿದ್ದರೆ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ತೊಳೆದದ್ದು ಸಾಲದೆ ಕಸ ಬಂದು ಕೂತಿದೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ, ಕಡಿಮೆ ಇದ್ದರೆ ತುಂಬಿ. ಹೋಸ್ ಕ್ಲಿಪ್‌ಗಳನ್ನು ಒಮ್ಮೆ ಬಿಗಿ ಮಾಡಿ, ಹೊಸ ರಬ್ಬರ್ ಬಿಸಿಗೆ ಕೂತ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ಮೊದಲ ಕೆಲವು ದಿನ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ ನೋಡುವ ಅಭ್ಯಾಸ ಇರಲಿ.

ಕೊನೆಯದಾಗಿ ಮಲ್ಟಿಮೀಟರಿನ ಒಂದು ಪರೀಕ್ಷೆ. ಇದನ್ನು ಮಾಡುವವರು ಕಡಿಮೆ, ಆದರೆ ಅಲ್ಯೂಮಿನಿಯಂ ರೇಡಿಯೇಟರಿಗೆ ತುಂಬಾ ಮುಖ್ಯ. ತಣ್ಣಗಿನ ಇಂಜಿನ್‌ನಲ್ಲಿ ಮುಚ್ಚಳ ತೆಗೆದು ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಲೋಹಕ್ಕೆ ತಾಗದಂತೆ ಕೂಲೆಂಟಿನೊಳಗೆ ಇಳಿಸಿ. ಡಿಸಿ ವೋಲ್ಟ್ 0.1ರ ಒಳಗಿದ್ದರೆ ಸರಿ. 0.3 ಮುಟ್ಟಿದರೆ ಎಲ್ಲೋ ಅರ್ತ್ ಕೆಟ್ಟು ಕರೆಂಟು ಕೂಲೆಂಟ್ ಮೂಲಕ ಹರಿಯುತ್ತಿದೆ, ಅದು ಹೊಸ ಕೋರನ್ನು ಒಳಗಿನಿಂದಲೇ ತೂತು ಮಾಡುತ್ತದೆ. ಯಾರನ್ನಾದರೂ ಕೂರಿಸಿಕೊಂಡು ದೀಪ, ಎಸಿ, ವಿಂಚ್, ಸ್ಟಾರ್ಟರ್ ಒಂದೊಂದಾಗಿ ಹಾಕಿಸಿ ನೋಡಿ. ಯಾವುದನ್ನು ಹಾಕಿದಾಗ ಅಂಕಿ ಏರುತ್ತದೋ ಅದರ ಅರ್ತ್ ವೈರನ್ನು ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿ ಮಾಡಿ. ಇಂಜಿನ್ ಇಳಿಸಿ ಏರಿಸಿದ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇಂಜಿನ್‌ನಿಂದ ಚಾಸಿಸ್‌ಗೆ ಹೋಗುವ ದಪ್ಪ ಅರ್ತ್ ಪಟ್ಟಿಯನ್ನು. ಜೋಡಿಸುವಾಗ ಮರೆತುಹೋಗುವುದು ಹೆಚ್ಚಾಗಿ ಅದೇ.